ಗೋಡೆಗುಂಟ ನಡೆದ ಮುಂಗುಸಿ

ನನಗೊಂದು ಅಭ್ಯಾಸವಿದೆ. ಯಾರ ಮನೆಗೆ ಹೋದರೂ ಪಡಸಾಲೆಯ ನಟ್ಟನಡುವೆ ಹಾಯ್ದು ಹೋಗಲು ನನ್ನ ಕಾಲು ಒಪ್ಪುವುದಿಲ್ಲ. ಗೋಡೆಗುಂಟ ಸರಿದು, ಕುರ್ಚಿಗಳ ಹಿಂದಿನಿಂದ ನುಸುಳಿ, ಮೂಲೆಯಲ್ಲಿ ಹೊರಳಿ ಅಡಿಗೆಮನೆ ಮುಟ್ಟುತ್ತೇನೆ. ಮದುವೆಮನೆಗಳಲ್ಲಿ ಇದರಿಂದ ಅನುಕೂಲವೇ ಆಗಿದೆ; ಎಷ್ಟೋ ಸಲ ಊಟದ ಸಾಲಿಗೆ ಉಳಿದವರಿಗಿಂತ ಮೊದಲೇ ತಲುಪಿದ್ದೇನೆ. ಆದರೆ ಲಿಂಗಸುಗೂರಿನಲ್ಲಿ ಮಗ ಹೊಸ ಮನೆ ಕಟ್ಟಿಸಿದ ಮೇಲೆ ಸೊಸೆ ಇದನ್ನು ಗಮನಿಸಿಬಿಟ್ಟಳು.

"ಅತ್ತಿ, ಇಷ್ಟು ದೊಡ್ಡ ಹಾಲ್ ಕಟ್ಟಿಸೀವಿ. ನೀವು ನೋಡಿದ್ರ ಮುಂಗಲಿ ಹೋದಂಗ ಗ್ವಾಡಿ ಹಿಡದು ಹೋಗ್ತೀರಿ."

ಅವಳು ತಮಾಷೆಗೆ ಅಂದದ್ದು. ನಾನು ಮಾತ್ರ ಚಹಾದ ಕಪ್ಪು ಹಿಡಿದುಕೊಂಡು ಅಲ್ಲೇ ಗೋಡೆಗೆ ಒರಗಿ ನಿಂತೆ. ಮುಂಗುಸಿಯನ್ನು, ಅಂದರೆ ನಮ್ಮ ಕಡೆಯ ಮುಂಗಲಿಯನ್ನು, ನನ್ನಷ್ಟು ಹೊತ್ತು ಕೂತು ನೋಡಿದವರು ಕಡಿಮೆ ಎಂದುಕೊಂಡಿದ್ದೇನೆ. ಬೇರೆ ಕೆಲಸವಿರಲಿಲ್ಲವೇ ಎಂದು ನೀವು ಕೇಳಬಹುದು. ಕೆಲಸ ಬೇಕಾದಷ್ಟಿತ್ತು. ಮಾತಾಡಲು ಜನ ಇರಲಿಲ್ಲ.

ನಾನು ಹುಟ್ಟಿದ್ದು ಮಸ್ಕಿಯ ಬಜಾರಿನಲ್ಲಿ. ಅಪ್ಪ ದರ್ಜಿ. ಹೊಲಿಗೆ ಮಷೀನಿನ ಸದ್ದು, ಗಿರಾಕಿಗಳ ತಕರಾರು, ಎದುರಿನ ಹೋಟೆಲಿನ ರೇಡಿಯೊ, ಇವೆಲ್ಲ ಕಿವಿಗೆ ಬೀಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಓಣಿಯ ಹುಡುಗಿಯರೆಲ್ಲ ಸೇರಿ ಗುಡ್ಡದ ಬಂಡೆಗಳ ನಡುವೆ ನೆರಳು ಹುಡುಕಿಕೊಂಡು ಅಲೆಯುತ್ತಿದ್ದೆವು. ಬೆಳಗಿನ ನೆರಳಿನ ಬಂಡೆ ಬೇರೆ, ಸಂಜೆಯದು ಬೇರೆ. ಯಾವ ಸಂದಿಯಲ್ಲಿ ತಂಪಿರುತ್ತದೆ, ಯಾವ ಸಂದಿಯಲ್ಲಿ ಜೇನಿರುತ್ತದೆ ಎಂಬುದು ನಮಗೆ ಬಾಯಿಪಾಠ. ಅಂಥವಳನ್ನು ಗೊರೇಬಾಳದ ಹತ್ತಿರ ಒಂದು ಹೊಲದ ಮನೆಗೆ ಕೊಟ್ಟರು.

ಅದು ತುಂಗಭದ್ರೆಯ ಕಾಲುವೆ ಬಂದು ಕೆಲವು ವರ್ಷಗಳಾಗಿದ್ದ ಕಾಲ. ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಒಂದೊಂದಾಗಿ ಭತ್ತದ ಮಡಿಗಳಾಗುತ್ತಿದ್ದವು. ನೀರಿನ ಸರದಿ ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದು ಎಂದು ಇವರು ಊರೊಳಗಿನ ಮನೆ ಬಿಟ್ಟು ಹೊಲದಲ್ಲೇ ಮನೆ ಹಾಕಿದ್ದರು. ಇವರು ಎಂದರೆ ನಮ್ಮ ಯಜಮಾನರು. ಗಂಡನ ಹೆಸರು ಹೇಳಲು ನನಗೆ ಈಗಲೂ ನಾಲಿಗೆ ಹೊರಳುವುದಿಲ್ಲ, ಕ್ಷಮಿಸಬೇಕು. ಮನೆಯಲ್ಲಿ ನಾವು ಮೂವರೇ. ಅತ್ತೆ ನೀಲಮ್ಮ ಹಗಲೆಲ್ಲ ದುಡಿಯುವ ಹೆಂಗಸು, ಮಾತು ಬಲು ಕಡಿಮೆ. ಬೆಳಿಗ್ಗೆ "ಎದ್ದೇನು?" ಎಂದರೆ ಮತ್ತೆ ಸಂಜೆಗೆ "ಉಂಡೇನು?" ಅನ್ನುವರು. ನಡುವಿನದೆಲ್ಲ ಕಣ್ಣಲ್ಲೇ ಮುಗಿಯುತ್ತಿತ್ತು. ಇವರು ಸದಾ ಒಡ್ಡಿನ ಮೇಲೆ, ಸಲಿಕೆಯ ಜೊತೆ.

ಹಾಗಾಗಿ ನಾನು ಹಿತ್ತಲ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತ ಮುಂಗುಸಿಯನ್ನು ನೋಡತೊಡಗಿದೆ.

ಮುಂಗುಸಿ ಎಂದ ಕೂಡಲೇ ಎಲ್ಲರೂ ಹಾವಿನ ಸುದ್ದಿ ಕೇಳುತ್ತಾರೆ. ನಿರಾಸೆ ಮಾಡಲು ನನಗೂ ಬೇಸರ. ನಮ್ಮ ಮುಂಗುಸಿ ಹಾವು ಹಿಡಿದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಅದು ಮಿಡತೆ ತಿನ್ನುತ್ತಿತ್ತು, ಇಲಿಮರಿ ತಿನ್ನುತ್ತಿತ್ತು, ಏಡಿಯನ್ನು ಕಲ್ಲಿಗೆ ಬಡಿದು ಒಡೆಯುತ್ತಿತ್ತು, ಮೈಮರೆತರೆ ನಮ್ಮ ಕೋಳಿಯ ಮೊಟ್ಟೆಗೂ ಕೈ ಹಾಕುತ್ತಿತ್ತು. ಆದರೆ ಅದು ತಿಂದದ್ದಕ್ಕಿಂತ ಅದು ನಡೆದ ರೀತಿಯೇ ನನ್ನನ್ನು ಹಿಡಿದು ಕೂರಿಸಿದ್ದು.

ನಮ್ಮ ಹಿತ್ತಲ ತುದಿಗೆ ಒಂದು ಜಾಲಿ ದಿಬ್ಬವಿತ್ತು. ಅದರ ಬುಡದ ಬಿಲದಿಂದ ಬಿಸಿಲೇರಿದ ಮೇಲೆ ಅದು ಹೊರಬೀಳುವುದು. ನೇರ ಅಂಗಳ ದಾಟಿದರೆ ಬಣವೆ ಎಷ್ಟು ಹತ್ತಿರ. ದಾಟುತ್ತಿರಲಿಲ್ಲ. ಬೇಲಿಗುಂಟ ಬಂದು, ಹಿಂದಿನ ಗೋಡೆ ಹಿಡಿದು, ನೀರಿನ ಹರವಿಗಳ ಹಿಂದೆ ಹಾಯ್ದು, ಬಂಡಿಯ ಕೆಳಗೆ ನುಗ್ಗಿ ಆಮೇಲೆ ಬಣವೆ ಸೇರುವುದು. ದಿನವೂ ಅದೇ ಹಾದಿ. ಹರವಿ ಒಂದಿಷ್ಟು ಸರಿಸಿಟ್ಟರೆ ನಿಂತು ಮೂಸಿ ನೋಡಿ, ಯಾರು ಹೀಗೆ ಮಾಡಿದವರು ಎಂಬಂತೆ ನನ್ನ ಕಡೆ ತಿರುಗುತ್ತಿತ್ತು. ಒರಳುಕಲ್ಲಿನ ಮೂಲೆ ಬಂದಾಗ ತಪ್ಪದೆ ಅದಕ್ಕೆ ಕುಂಡೆ ತಿಕ್ಕಿ ಮುಂದೆ ಹೋಗುವುದು. ಇದು ತನ್ನ ಸರಹದ್ದು ಎಂದು ವಾಸನೆ ಬಿಡುವ ಕ್ರಮವಂತೆ. ಆಮೇಲೆ ಯಾರೋ ಹೇಳಿದರು. ನೋಡುತ್ತಿದ್ದ ಆ ದಿನಗಳಲ್ಲಿ ನನಗೆ ನಮ್ಮೂರ ಪಟೇಲರು ಕಾಗದಕ್ಕೆ ಮುದ್ರೆ ಒತ್ತುವುದು ನೆನಪಾಗುತ್ತಿತ್ತು. ಅದೇ ಕಲ್ಲನ್ನು ತೊಳೆದು ಚಟ್ನಿ ಅರೆಯಬೇಕಾದವಳು ನಾನು ಎಂಬುದು ಬೇರೆ ಮಾತು.

ಎಲ್ಲ ಜಾಗವೂ ಅದಕ್ಕೆ ಒಂದೇ ಆಗಿರಲಿಲ್ಲ. ಬಣವೆ ಮತ್ತು ಗೋಡೆಯ ಸುತ್ತಮುತ್ತ ದಿನವೂ ಬೇಕು. ಮೂಡಣ ಬದುವಿಗೆ ಒಮ್ಮೆ ಹೋಗಿ ಮಿಡತೆ ಮೇಯ್ದರೆ ಮತ್ತೆ ಕೆಲವು ದಿನ ಆ ಕಡೆ ಸುಳಿಯದು, ತುಂಬಲಿ ಎಂದು ಬಿಟ್ಟಂತೆ. ಮಲಗಲು ದಿಬ್ಬದ ಬಿಲ ಒಂದೇ ಅಲ್ಲ, ಬಣವೆಯ ಅಡಿ ಒಂದು ಜಾಗ, ಹಾಳುಬಾವಿಯ ಕಲ್ಲಸಂದಿ ಇನ್ನೊಂದು. ಗದ್ದೆಗೆ ನೀರು ಬಿಟ್ಟರೆ ಮಡಿಗಳೆಲ್ಲ ಅದಕ್ಕೆ ಸಮುದ್ರ, ಬದುಗಳೇ ಓಣಿಗಳು. ನೀರು ಇಂಗಿದ ಮೇಲೆ ಮಡಿಯೊಳಗೇ ಇಳಿದು ಏಡಿ ಹುಡುಕುವುದು. ಅಪರೂಪಕ್ಕೆ ದೊಡ್ಡ ಗಂಡು ಮುಂಗುಸಿಯೊಂದು ಬರುತ್ತಿತ್ತು, ದೂರದೂರಿನ ಬೀಗರ ಹಾಗೆ. ಅದರ ತಿರುಗಾಟ ಹಲವು ಹೊಲ ದಾಟಿದ್ದು. ನಮ್ಮದರ ಸಂಸಾರ ಅದಕ್ಕೆ ಹೋಲಿಸಿದರೆ ಸಣ್ಣದು.

ನನ್ನದು ಇನ್ನೂ ಸಣ್ಣದು ಎಂದು ಗೊತ್ತಾದದ್ದು ಒಂದು ಮುಂಜಾನೆ. ಮಳೆ ಬಂದು ಅಂಗಳ ಹಸಿಯಾಗಿತ್ತು. ಎರೆಮಣ್ಣಿನಲ್ಲಿ ಅದರ ಹೆಜ್ಜೆ ಹುಡುಕುತ್ತಿದ್ದವಳಿಗೆ ನನ್ನ ಹೆಜ್ಜೆಗಳೂ ಕಂಡವು. ಮನೆಯಿಂದ ಹರವಿಗೆ, ಹರವಿಯಿಂದ ಬಣವೆಗೆ, ಬಣವೆಯಿಂದ ಕಾಲುವೆಯ ದಂಡೆಯ ಬಟ್ಟೆ ಒಗೆಯುವ ಕಲ್ಲಿಗೆ, ವಾಪಸ್ ಮನೆಗೆ. ಅಷ್ಟೇ. ಅದರ ಹೆಜ್ಜೆಗಳು ಕಾಲುವೆಯ ಮೇಲೆ ಹಾಕಿದ್ದ ಹಾಸುಗಲ್ಲು ದಾಟಿ ಆಚೆ ಹೋಗಿದ್ದವು. ನಾನು ಆ ಕಲ್ಲಿನ ಮೇಲೆ ಕಾಲಿಟ್ಟೇ ಇರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಹೋಗು ಎಂದೂ ಅಂದಿರಲಿಲ್ಲ.

ಆಚೆ ಇದ್ದದ್ದು ಆರ್.ಎಚ್. ಕ್ಯಾಂಪಿನ ಕೊನೆಯ ಸಾಲು ಮನೆಗಳು. ಬಂಗಾಳದ ನಿರಾಶ್ರಿತರನ್ನು ಸರಕಾರ ತಂದು ಅಲ್ಲಿ ನೆಲೆಗೊಳಿಸಿತ್ತು. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ. ಒಡ್ಡಿನ ಆಚೆಯಿಂದ ಮೀನು ಹುರಿಯುವ ವಾಸನೆ ಬಂದರೆ ಅತ್ತೆ ಸೆರಗು ಮೂಗಿಗೆ ಹಿಡಿದುಕೊಂಡು ಒಳಗೆ ಹೋಗುತ್ತಿದ್ದರು.

ಒಮ್ಮೆ ಮುಂಗುಸಿ ಕೆಲವು ದಿನ ಕಾಣಲೇ ಇಲ್ಲ. ಬಿಲ ನೋಡಿದೆ, ಬಣವೆ ನೋಡಿದೆ, ಹಾಳುಬಾವಿಗೆ ಬಗ್ಗಿ ನೋಡಿ ಅತ್ತೆಯಿಂದ ಬೈಸಿಕೊಂಡೆ. ಕೊನೆಗೆ ಒಂದು ಮಧ್ಯಾಹ್ನ, ಕಳೆದ ಎಮ್ಮೆ ಹುಡುಕುವವಳ ಗತ್ತಿನಲ್ಲಿ ಹಾಸುಗಲ್ಲು ದಾಟಿದೆ. ನಮ್ಮ ಎಮ್ಮೆ ಕೊಟ್ಟಿಗೆಯಲ್ಲೇ ಇತ್ತು.

ಆಚೆ ಒಂದು ಮನೆಯ ಹಿಂದೆ ನನ್ನ ವಯಸ್ಸಿನವಳೇ ಒಬ್ಬಳು ಕಾಲ ಬೆರಳುಗಳಲ್ಲಿ ಈಳಿಗೆ ಒತ್ತಿ ಹಿಡಿದು ಮೀನು ಹೆಚ್ಚುತ್ತಿದ್ದಳು. ಕಟ್ಟಿಗೆ ರಾಶಿಯ ಪಕ್ಕ ನಮ್ಮ ಮುಂಗುಸಿ ಮೀನಿನ ತಲೆ ಮುಂದಿಟ್ಟುಕೊಂಡು ಕೂತಿತ್ತು, ಹುಟ್ಟಿದಾಗಿನಿಂದ ಅಲ್ಲಿಯೇ ಇದ್ದಂತೆ. ನಾನು ಬೆರಳು ತೋರಿಸಿದೆ.

"ಅದು ನಮ್ಮ ಮುಂಗಲಿ."

ಅವಳು ಅಲ್ಲವೆಂದು ತಲೆಯಾಡಿಸಿದಳು. "ಬೇಜಿ," ಎಂದಳು. ಎದೆ ಮುಟ್ಟಿಕೊಂಡು, "ಆಮಾರ್."

ಬೇಜಿ ಎಂದರೆ ಮುಂಗುಸಿ, ಆಮಾರ್ ಎಂದರೆ ನನ್ನದು. ಬಂಗಾಳಿಯಲ್ಲಿ ನಾನು ಕಲಿತ ಮೊದಲ ಎರಡು ಮಾತು, ಎರಡೂ ಜಗಳದವು. ನಾವಿಬ್ಬರೂ ನಮ್ಮದು ನಮ್ಮದು ಎನ್ನುತ್ತಿರುವಾಗ ಮುಂಗುಸಿ ಮೀನಿನ ತಲೆ ಕಚ್ಚಿಕೊಂಡು ಕಟ್ಟಿಗೆ ರಾಶಿಯೊಳಗೆ ಹೊಕ್ಕಿತು. ನಾನು ನಕ್ಕೆ. ಅವಳು ನಗಲಿಲ್ಲ, ಆದರೆ ಕೈ ತೊಳೆದುಕೊಂಡು ಬಂದು ಕೂರಲು ಮಣೆ ಕೊಟ್ಟಳು.

ಅವಳ ಹೆಸರು ಶೆಫಾಲಿ. ಅಂದಿನಿಂದ ಬಟ್ಟೆ ಒಗೆಯುವ ಹೊತ್ತಿಗೆ ಅವಳು ಆ ದಂಡೆಗೆ, ನಾನು ಈ ದಂಡೆಗೆ ಬರುತ್ತಿದ್ದೆವು. ಮಾತೆಲ್ಲ ಮುಂಗುಸಿಯದೇ. ಬೆಳಿಗ್ಗೆ ನಮ್ಮ ಕಡೆ ಏನು ತಿಂದಿತು ಎಂದು ನಾನು ಅಭಿನಯಿಸಿ ತೋರಿಸುವುದು, ಮಧ್ಯಾಹ್ನ ಅವರ ಕಡೆ ಎಲ್ಲಿ ಮಲಗಿತ್ತು ಎಂದು ಅವಳು ತೋರಿಸುವುದು. ಅದರ ದಿನಚರಿಯ ಅರ್ಧ ನನ್ನ ಬಳಿ, ಇನ್ನರ್ಧ ಅವಳ ಬಳಿ ಇತ್ತು; ಎರಡೂ ಸೇರಿಸಿದಾಗಲೇ ಅದು ಎಷ್ಟು ದೊಡ್ಡ ಊರನ್ನು ಆಳುತ್ತಿದೆ ಎಂಬುದು ತಿಳಿದದ್ದು. ಮೆಲ್ಲಗೆ ಅವಳಿಗೆ ಕನ್ನಡ ಬಂತು. ನನ್ನ ಬಂಗಾಳಿ ಆ ಎರಡು ಮಾತಿನಿಂದ ಬಹಳ ಮುಂದೆ ಹೋಗಲಿಲ್ಲ.

ಮಕ್ಕಳೆಷ್ಟು ಎಂದು ಕೇಳಿದ್ದಕ್ಕೆ ಅವಳು ನೆಲದಿಂದ ಕೈ ಎತ್ತಿ ಎತ್ತರ ತೋರಿಸಿದಳು. ಇಷ್ಟೆತ್ತರದ ಮಗ, ಅವನಿಗಿಂತ ಗಿಡ್ಡ ಮಗಳು. ಆಮೇಲೆ ಕೈ ಇನ್ನೂ ಕೆಳಗಿಳಿದು ಮೊಣಕಾಲ ಮಟ್ಟಕ್ಕೆ ಬಂದು ನಿಂತಿತು. ಬಳಿಕ ಅಂಗೈ ತಿರುಗಿಸಿ ಆಕಾಶಕ್ಕೆ ಹಿಡಿದಳು. ಆ ಕೊನೆಯ ಕೂಸು ತೀರಿಹೋದದ್ದು ಇಲ್ಲಿಗೆ ಬರುವ ದಾರಿಯಲ್ಲಿ, ಯಾವುದೋ ತಾತ್ಕಾಲಿಕ ಕ್ಯಾಂಪಿನಲ್ಲಿ. ನಾನು ಒಗೆಯುತ್ತಿದ್ದ ಸೀರೆಯನ್ನೇ ಮತ್ತೆ ಮತ್ತೆ ಒಗೆದೆ.

ಅತ್ತೆಗೆ ಈ ಸ್ನೇಹ ಗೊತ್ತಿತ್ತು. ಒಂದು ದಿನ ಕೇಳಿದರು.

"ಆಕಿ ಹೆಸರೇನು?"

"ಶೆಫಾಲಿ, ಅತ್ತಿ."

"ಶಿವಾಲಿ," ಎಂದು ಅತ್ತೆ ತಮಗೆ ತಾವೇ ಹೇಳಿಕೊಂಡರು. "ಶಿವನ ಹೆಸರ ಐತಲ್ಲ. ಛಲೋ ಆತು."

ಮೀನಿನ ವಾಸನೆ ಅಂದಿನಿಂದ ಅತ್ತೆಯ ಮೂಗಿಗೆ ಅರ್ಧ ಕಡಿಮೆಯಾಯಿತು.

ಮರುವರ್ಷದ ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ನಿಂತಾಗ ಇವರು ಬುಲ್ಡೋಜರ್ ಕರೆಸಿದರು. ದಿಬ್ಬದ ಕಡೆಯ ನೆಲ ಎತ್ತರವಿದ್ದು ನೀರು ಏರುತ್ತಿರಲಿಲ್ಲ. ಅದನ್ನು ಸಮ ಮಾಡಿದರೆ ಇನ್ನೊಂದಿಷ್ಟು ಮಡಿಗಳಾಗುತ್ತವೆ. ಅವರ ಲೆಕ್ಕ ತಪ್ಪೇನಲ್ಲ. ಆ ಯಂತ್ರ ಸಿಗುವುದೇ ಕಷ್ಟ. ನಮ್ಮದು ಮುಗಿದ ಕೂಡಲೇ ಮುಕ್ಕುಂದದ ಕಡೆ ಹೋಗುವುದಿತ್ತು. ಆದರೆ ದಿಬ್ಬದ ಬಿಲದಲ್ಲಿ ಮುಂಗುಸಿ ಮರಿ ಹಾಕಿತ್ತು. ನಾನೂ ಆಗ ಬಸುರಿ. ಬಿಲದ ಬಾಯಲ್ಲಿ ಇಣುಕುವ ಸಣ್ಣ ಮೂತಿಗಳನ್ನು ನೋಡಿ ಬಂದು ಇವರಿಗೆ ಹೇಳಿದೆ.

"ಮರಿ ಅದಾವ್ರಿ. ಸ್ವಲ್ಪ ದಿನ ತಡೀರಿ."

"ಮಿಷನ್ ನಿನ್ನ ಮುಂಗಲಿ ಸಲುವಾಗಿ ಕುಂದರ್ತದೇನು?" ಎಂದರು. ಸಿಟ್ಟಿನಿಂದಲ್ಲ, ದಣಿವಿನಿಂದ. ಒಳಗೆ ಬಂದು ರೊಟ್ಟಿ ಬಡಿಯಲು ಕೂತೆ. ಹಿಟ್ಟಿಗೆ ಕಣ್ಣೀರು ಬೀಳುತ್ತಿತ್ತು. ಅತ್ತೆ ನೋಡಿದರು.

ಮರುದಿನ ಬುಲ್ಡೋಜರ್ ಬಂತು. ನಡೆಸುವವನು ಸುಬ್ಬಯ್ಯ, ಆಂಧ್ರದ ಕಡೆಯವನು. ಯಂತ್ರ ದಿಬ್ಬದತ್ತ ತಿರುಗುವಷ್ಟರಲ್ಲಿ ಅತ್ತೆ ಮೊರದಲ್ಲಿ ಜೋಳ ತುಂಬಿಕೊಂಡು ಹಿತ್ತಲು ದಾಟಿ ಹೋಗಿ ದಿಬ್ಬದ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಸುಬ್ಬಯ್ಯ ನಿಲ್ಲಿಸಿದ. ಇವರು ಓಡಿ ಬಂದರು.

"ಯವ್ವಾ, ಏನ್ ಮಾಡಾಕತ್ತಿ ಇಲ್ಲಿ?"

"ಜ್ವಾಳ ಹಸನ ಮಾಡಾಕತ್ತೀನಿ."

"ಮನ್ಯಾಗ ಮಾಡಬಾರದೇನು?"

"ಇಲ್ಲಿ ಗಾಳಿ ಛಲೋ ಐತಿ."

"ಯವ್ವಾ, ಮಿಷನ್ ನಿಂತೈತಿ. ಏಳು."

ಅತ್ತೆ ಮೊರ ಕೆಳಗಿಟ್ಟರು. "ಒಳಗ ಬಾಣಂತಿ ಅದಾಳ. ಬಾಣಂತಿ ಇದ್ದ ಮನಿ ಯಾರಾರ ಕೆಡವತಾರೇನೋ?"

ಇವರು ಬಾಯಿ ತೆರೆದು ನನ್ನ ಕಡೆ ನೋಡಿದರು. ನನ್ನ ಹೊಟ್ಟೆ ನೋಡಿದರು. ತೆರೆದ ಬಾಯಿ ಮುಚ್ಚಿದರು. ಸುಬ್ಬಯ್ಯ ಮೇಲಿನಿಂದಲೇ ಹೇಳಿದ, "ನಮ್ಮ ಮನಿಯಾಗೂ ಬಾಣಂತಿ ಅದಾಳ್ರಿ. ಮೊದಲ ಆ ಕಡಿ ಹೊಲ ಮಾಡ್ತೀನಿ. ಅಮ್ಮಗಾರು ಕುಂದರ್ಲಿ."

ಬೆಳಗಿನಿಂದ ಮಧ್ಯಾಹ್ನದವರೆಗೆ ಯಂತ್ರ ಮೂಡಣ ಬದುಗಳನ್ನು ಒಡೆದು ಸಮ ಮಾಡಿತು. ನೆಲ ಅದುರುತ್ತಿತ್ತು. ಸದ್ದು ಕೇಳಿ ಶೆಫಾಲಿ ಆಚೆ ದಂಡೆಗೆ ಬಂದು ನಿಂತಳು. ಸುಬ್ಬಯ್ಯ ಊಟಕ್ಕೆಂದು ಎಂಜಿನ್ ಆರಿಸಿದಾಗ ಕಿವಿ ಮುಚ್ಚಿದಂಥ ನಿಶ್ಶಬ್ದ. ಆಗ ಬಿಲದಿಂದ ತಾಯಿ ಹೊರಗೆ ಬಂತು, ಬಾಯಲ್ಲಿ ಒಂದು ಮರಿ.

ನಾನು ಅದು ಅಂಗಳ ಸೀಳಿ ಓಡಬಹುದು ಎಂದುಕೊಂಡೆ. ಇಲ್ಲ. ಬೇಲಿಗುಂಟ ಬಂತು. ಗೋಡೆ ಹಿಡಿಯಿತು. ಹರವಿಗಳ ಹಿಂದೆ ಹಾಯ್ದು ಬಂಡಿಯ ಕೆಳಗೆ ಇಳಿಯಿತು. ಬಣವೆಯ ಆಚೆ ಅದರ ಹಾದಿ ಒಂದು ಬದುವಿನ ಮೇಲೆ ಸಾಗಿ ಹಾಸುಗಲ್ಲು ಸೇರುತ್ತಿತ್ತು. ಆ ಬದು ಬೆಳಿಗ್ಗೆಯೇ ಹೋಗಿತ್ತು. ಅದು ಅಲ್ಲಿ ನಿಂತಿತು. ಮರಿಯನ್ನು ಕೆಳಗಿಟ್ಟಿತು. ಹೊಸದಾಗಿ ಮಗುಚಿದ ಮಣ್ಣನ್ನು ಮೂಸಿತು. ಸುತ್ತ ಬಯಲು, ಒಂದು ಹುಲ್ಲುಕಡ್ಡಿಯ ಮರೆ ಕೂಡ ಇಲ್ಲ. ಸುಬ್ಬಯ್ಯನ ಕೈಯ ತುತ್ತು ಕೈಯಲ್ಲೇ ಇತ್ತು.

ಅದು ಮರಿಯನ್ನು ಮತ್ತೆ ಕಚ್ಚಿ ಎತ್ತಿಕೊಂಡು ಹೊರಟಿತು. ಬದು ಇದ್ದಲ್ಲೇ ನಡೆಯಿತು. ಬದು ಡೊಂಕಾಗಿದ್ದ ಜಾಗದಲ್ಲಿ ತಾನೂ ಡೊಂಕಾಯಿತು. ಮುಂಚೆ ಒಂದು ಕಲ್ಲಿದ್ದ ಕಡೆ, ಈಗ ಕಲ್ಲಿರಲಿಲ್ಲ, ಸುತ್ತು ಹಾಕಿಯೇ ಹೋಯಿತು. ನೆಲ ಹೋಗಿದ್ದರೂ ಹಾದಿ ಅದರ ಮೈಯಲ್ಲಿ ಉಳಿದಿತ್ತು. ಹಾಸುಗಲ್ಲು ದಾಟಿ, ಶೆಫಾಲಿಯ ಕಾಲ ಹತ್ತಿರದಿಂದಲೇ ಹಾಯ್ದು ಅವಳ ಕಟ್ಟಿಗೆ ರಾಶಿ ಸೇರಿತು.

ಒಂದೊಂದಾಗಿ ಎಲ್ಲ ಮರಿಗಳನ್ನೂ ಹಾಗೇ ಒಯ್ದಿತು. ಎಲ್ಲವೂ ಮುಗಿದ ಮೇಲೆ ಮತ್ತೊಮ್ಮೆ ಬಂತು. ಖಾಲಿ ಬಿಲದೊಳಗೆ ಹೋಗಿ ಹೊರಬಂದು, ಜಾಲಿ ಬೇರಿನ ಸಂದಿಗಳಲ್ಲಿ ಹುಡುಕಿತು. ಯಾವುದಾದರೂ ಉಳಿದಿದೆಯೋ ಎಂಬ ಅನುಮಾನ. ಮತ್ತೆ ಒಳಗೆ ಹೋಯಿತು, ಮತ್ತೆ ಬಂತು. ಅಷ್ಟರಲ್ಲಿ ಶೆಫಾಲಿ ಹಾಸುಗಲ್ಲು ದಾಟಿ ಈಚೆ ಬಂದಿದ್ದಳು. ದಿಬ್ಬದಿಂದ ತುಸು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅದಕ್ಕೆ ತನ್ನ ಭಾಷೆಯಲ್ಲಿ ಏನೋ ಹೇಳತೊಡಗಿದಳು. ಅದು ಕಿವಿ ನಿಮಿರಿಸಿ ಅವಳ ಕಡೆ ನೋಡಿ, ಗೋಡೆಗುಂಟ ಹೊರಟುಹೋಯಿತು.

"ಏನಂದಿ?" ಎಂದು ಕೇಳಿದೆ.

ಅವಳು ಕಣ್ಣು ಒರೆಸಿಕೊಂಡಳು. "ಎಲ್ಲಾ ಬಂದೈತಿ, ಅಂದೆ. ಒಂದೂ ಬಿಟ್ಟಿಲ್ಲ ನೀ. ಇನ್ನ ನೋಡಬ್ಯಾಡ, ಅಂದೆ."

ಅತ್ತೆ ದಿಬ್ಬದಿಂದ ಎದ್ದು ಮೊರ ನನ್ನ ಕೈಗೆ ಕೊಟ್ಟರು. ಬೆಳಗಿನಿಂದ ಹಸನು ಮಾಡಿದ ಜೋಳದಲ್ಲಿ ಕಲ್ಲು ಹಾಗೇ ಇದ್ದವು. ಶೆಫಾಲಿಯ ರಟ್ಟೆ ಹಿಡಿದು ಎಬ್ಬಿಸಿ, "ಬಾ ಯವ್ವಾ, ನೀರ ಕುಡೀವಂತಿ," ಎಂದು ಒಳಗೆ ಕರೆದುಕೊಂಡು ಹೋದರು.

ಸಂಜೆಯೊಳಗೆ ದಿಬ್ಬ ಇರಲಿಲ್ಲ.

ನಾನು ಬಾಣಂತನಕ್ಕೆ ಮಸ್ಕಿಗೆ ಹೋದೆ. ಬಜಾರಿನ ಸದ್ದಿಗೆ ಹಂಬಲಿಸಿದವಳಿಗೆ ಈಗ ಅದು ತಲೆನೋವಾಗಿ, ಒಂದು ಮಧ್ಯಾಹ್ನ ಮಷೀನು ನಿಲ್ಲಿಸಿ ಎಂದು ಅಪ್ಪನಿಗೇ ಹೇಳಿ ಎಲ್ಲರನ್ನೂ ನಗಿಸಿದೆ. ಹೆಣ್ಣುಮಗು ಹುಟ್ಟಿತು. ಕೂಸನ್ನು ಎತ್ತಿಕೊಂಡು ಹೊಲದ ಮನೆಗೆ ಮರಳುವಷ್ಟರಲ್ಲಿ ಹೊಸ ಮಡಿಗಳಲ್ಲಿ ಭತ್ತ ಹಸಿರಾಗಿತ್ತು. ಮುಂಗುಸಿಯ ಬೀಡು ಈಗ ಶೆಫಾಲಿಯ ಕಡೆ. ನಮ್ಮ ಕಡೆಗೆ ಹೊಸ ಬದು ಹಿಡಿದು ಆಗೊಮ್ಮೆ ಈಗೊಮ್ಮೆ ಬರುತ್ತಿತ್ತಂತೆ. ಇವರೇ ಹೇಳಿದರು. ಆ ಬದುವಿನ ಹುಲ್ಲನ್ನು ಕೊಯ್ಯದೆ ಬಿಟ್ಟವರೂ ಇವರೇ. ಯಾಕೆ ಎಂದು ಕೇಳಿದ್ದಕ್ಕೆ, "ಕುಡಗೋಲ ಮೊಂಡ ಆಗಿತ್ತು," ಎಂದರು.

ತೊಟ್ಟಿಲಿಗೆ ಹಾಕುವ ಶಾಸ್ತ್ರ ತಮ್ಮ ಮನೆಯಲ್ಲೇ ಆಗಬೇಕೆಂದು ಅತ್ತೆ ಹಟ ಹಿಡಿದಿದ್ದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಇವರಿಗೆ ಅಕ್ಕತಂಗಿಯರಿಲ್ಲ. ಊರಿಂದ ಬಂದ ಹೆಂಗಸರು ಯಾರು ಹೇಳುವವರು ಎಂದು ಗುಸುಗುಸು ಮಾಡುತ್ತಿರುವಾಗ ಅತ್ತೆ ಹಿತ್ತಲ ಬಾಗಿಲಿನಿಂದ ಹೊರಬಿದ್ದರು. ನೋಡುತ್ತೇನೆ, ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಹಾಸುಗಲ್ಲು ದಾಟುತ್ತಿದ್ದಾರೆ. ಅಷ್ಟು ವರ್ಷಗಳಲ್ಲಿ ಅವರು ಆ ಕಲ್ಲಿನ ಮೇಲೆ ಕಾಲಿಟ್ಟದ್ದು ಅದೇ ಮೊದಲು. ಬರುವಾಗ ಶೆಫಾಲಿಯ ಕೈ ಹಿಡಿದಿದ್ದರು.

"ಕ್ಯಾಂಪಿನಾಕಿನ ಕರಕೊಂಡು ಬಂದಿಯಲ್ಲ, ನೀಲವ್ವಾ," ಎಂದು ಒಬ್ಬಾಕೆ ಅಂದಳು.

"ನನ್ನ ಮಗಗ ಅಕ್ಕತಂಗಿ ಇಲ್ಲ," ಎಂದರು ಅತ್ತೆ. "ಇನ್ನ ಮುಂದ ಈಕಿ ಅದಾಳ."

ಶೆಫಾಲಿ ತೊಟ್ಟಿಲ ಮೇಲೆ ಬಗ್ಗಿದಳು. ನಾನು ಹೇಳಿಕೊಟ್ಟ ಹೆಸರು ಪಾರ್ವತಿ. ಅವಳ ನಾಲಿಗೆಯಲ್ಲಿ ಅದು ಪಾರ್ಬೋತಿಯಾಗಿ ಕೂಸಿನ ಕಿವಿಗೆ ಬಿತ್ತು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಎಲ್ಲ ಹೆಂಗಸರೂ ಸೇರಿ ಗುದ್ದುವುದು ನಮ್ಮಲ್ಲಿ ಪದ್ಧತಿ. ಅದನ್ನು ಅವಳಿಗೆ ಹೇಳಿಕೊಡಲು ನಾನು ಮರೆತಿದ್ದೆ. ಧಬಧಬ ಗುದ್ದು ಬಿದ್ದಾಗ ಅವಳು ಬೆದರಿದ ಕಣ್ಣುಗಳಿಂದ ತಿರುಗಿ ನೋಡಿದಳು. ಮೊದಲು ಕಂಡದ್ದು ಅತ್ತೆಯ ಎತ್ತಿದ ಮುಷ್ಟಿ, ಅದರ ಹಿಂದೆ ಅತ್ತೆಯ ನಗು. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಶೆಫಾಲಿ ನಕ್ಕಳು. ಅವಳು ದನಿ ತೆಗೆದು ನಕ್ಕದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

ಆ ಗದ್ದಲಕ್ಕೆ ಕೂಸು ಬೆಚ್ಚಿ ಅಳತೊಡಗಿತು. ಶೆಫಾಲಿ ನಗುತ್ತಲೇ ಅದನ್ನು ತೊಟ್ಟಿಲಿನಿಂದ ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವಳು ಕೂಸನ್ನು ಕೆಳಗಿಳಿಸಿದ್ದು ಸಂಜೆಗೆ. ಅಲ್ಲಿಯವರೆಗೆ ಕೂಸನ್ನು ಕೊಡು ಎಂದು ಅವಳನ್ನು ಕೇಳಲು ಅತ್ತೆ ಯಾರಿಗೂ ಬಿಡಲಿಲ್ಲ.